ಹದಿನಾರು ದಳದ ಪದ್ಮ: ರೇಡಿಯಲ್ ಸಿಮೆಟ್ರಿ ಹಾಕಿದರೂ ದಳಗಳು ಏಕೆ ಒಂದೇ ಸಮನಾಗಿ ಬರುತ್ತಿಲ್ಲ?

ಪ್ರಶ್ನೆ: ಬಡಗಿಮನೆ

ಎಲ್ಲರಿಗೂ ನಮಸ್ಕಾರ. ಹಾಸನದ ಬಳಿ ನಮ್ಮದೊಂದು ಸಣ್ಣ ಮರಗೆಲಸದ ಅಂಗಡಿಯಿದೆ. ಉಳಿ ಹಿಡಿಯುವವರು ನಮ್ಮ ತಂದೆಯವರು, ಕಂಪ್ಯೂಟರಿನ ಮುಂದೆ ಕೂರುವವಳು ನಾನು. ಗ್ರಾಹಕರೊಬ್ಬರು ತಮ್ಮ ದೇವರ ಕೋಣೆಯ ಮೇಲ್ಛಾವಣಿಗೆ, ಸೋಮನಾಥಪುರದ ಕೇಶವ ದೇವಾಲಯದ ಒಳಛಾವಣಿಗಳನ್ನು ನೆನಪಿಸುವಂಥ ತೇಗದ ಪದ್ಮವೊಂದನ್ನು ಕೇಳಿದ್ದಾರೆ. ಹಲಗೆ 600 ಮಿಲಿಮೀಟರ್ ಚೌಕ, 50 ಮಿಲಿಮೀಟರ್ ದಪ್ಪ. ನಡುವೆ ಕೆಳಗೆ ಇಳಿಬಿದ್ದ ಬಾಳೆಮೊಗ್ಗು, ಅದರ ಸುತ್ತ 16 ದಳಗಳ ಎರಡು ಸಾಲು, ಆಮೇಲೆ ಎಂಟು ದಿಕ್ಪಾಲಕರ ಪಟ್ಟಿ, ಎಲ್ಲಕ್ಕೂ ಹೊರಗೆ 24 ಕುಚ್ಚುಗಳ ತೂಗುಮಾಲೆ. ಮಾದರಿಯನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ತಯಾರಿಸಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಕೆತ್ತನೆ ಯಂತ್ರದಲ್ಲಿ ಒರಟು ಕೆತ್ತನೆ ಮಾಡಿಸಿ, ಕೊನೆಯ ಕೈಕೆಲಸವನ್ನು ತಂದೆಯವರಿಗೆ ಬಿಡುವುದೆಂದು ಮಾತಾಗಿದೆ.

ನಾನು ಮಾಡಿದ್ದು ಇಷ್ಟು: ದಪ್ಪನೆಯ ಬಿಲ್ಲೆಯೊಂದನ್ನು ತೆಗೆದುಕೊಂಡು, ಬ್ರಷ್‌ನಿಂದ ಕೆತ್ತುವ ಸ್ಕಲ್ಪ್ಟ್ ಮೋಡ್‌ನ ಸಿಮೆಟ್ರಿ ವಿಭಾಗದಲ್ಲಿ ರೇಡಿಯಲ್ ಎಂಬಲ್ಲಿ ಝಡ್ ಅಕ್ಷಕ್ಕೆ 16 ಎಂದು ಕೊಟ್ಟು (ಒಂದು ಗೆರೆ ನಡುವಿನ ಸುತ್ತ ಹದಿನಾರು ಕಡೆ ಬೀಳುವಂತೆ), ಆಗಾಗ 2 ಮಿಲಿಮೀಟರಿನ ವೋಕ್ಸೆಲ್ ರೀಮೆಶ್ (ಆಕೃತಿಯ ಮೈಯನ್ನು ಹೊಸದಾಗಿ ಕಟ್ಟುವ ಆಜ್ಞೆ) ಮಾಡಿಕೊಳ್ಳುತ್ತಾ ದಳಗಳನ್ನು ಎಬ್ಬಿಸುತ್ತಾ ಬಂದೆ. ದೂರದಿಂದ ಅಂದವಾಗಿಯೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ನಾಲ್ಕು ದಳಗಳ ಅಂಚು ಮಾತ್ರ ನೇರವಾಗಿದ್ದು, ಉಳಿದವುಗಳ ಅಂಚು ಹಲ್ಲುಹಲ್ಲಾಗಿದೆ. ಆ ಹಲ್ಲುಗಳೂ ಎಲ್ಲ ದಳಗಳಲ್ಲಿ ಒಂದೇ ರೀತಿಯಾಗಿಲ್ಲ. ಎಂಟು ದಳಗಳಲ್ಲಿ ಒಂದು ತೆರ, ನಾಲ್ಕರಲ್ಲಿ ಇನ್ನೊಂದು ತೆರ. ಇದಲ್ಲದೆ, ನಡುವಿನ ಭಾಗದಲ್ಲಿ ಬ್ರಷ್ ಸೋಕಿದರೆ ಸಾಕು, ದೋಸೆಯ ಹಿಟ್ಟು ಉಕ್ಕಿದಂತೆ ಒಂದು ಗುಬ್ಬಿ ಎದ್ದುಬಿಡುತ್ತದೆ. ನಿನ್ನೆಯಿಂದ ಹೊಸದೊಂದು ಕಾಟ ಶುರುವಾಗಿದೆ: ಎಡಿಟ್ ಮೋಡ್‌ನಲ್ಲಿ ಇಡೀ ಬಿಲ್ಲೆಯನ್ನು ಸ್ವಲ್ಪ ಸರಿಸಿದ ಮೇಲೆ, ಹದಿನಾರು ಗೆರೆಗಳು ಪದ್ಮದ ನಡುವನ್ನು ಬಿಟ್ಟು ಪಕ್ಕದ ಬೇರೊಂದು ಬಿಂದುವಿನ ಸುತ್ತ ಬೀಳುತ್ತಿವೆ.

ಸಿಮೆಟ್ರಿ ಎಂದಮೇಲೆ ಒಂದು ದಳದ ಹಾಗೆ ಇನ್ನೊಂದು ಬರಬೇಕಲ್ಲವೇ? ನಾನು ತಪ್ಪಿದ್ದೆಲ್ಲಿ ಎಂದು ತಿಳಿದವರು ದಯವಿಟ್ಟು ಹೇಳಬೇಕು. ಕುಚ್ಚುಗಳಿಗೆ 24 ಎಂದು ಬದಲಿಸಿಕೊಳ್ಳಬಹುದೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಮೆಶ್‌ಮೇಷ್ಟ್ರು

ನೀವು ಕೊಟ್ಟ ಲೆಕ್ಕದಲ್ಲಿಯೇ ಕಾರಣವಿದೆ. 4, 8, 4 ಎಂದು ದಳಗಳು ಮೂರು ಜಾತಿಯಾಗಿರುವುದು ಆಕಸ್ಮಿಕವಲ್ಲ. ರೇಡಿಯಲ್ ಸಿಮೆಟ್ರಿ ಎಂಬುದು ನಿಮ್ಮ ಕೈಯ ಒತ್ತನ್ನು ಮಾತ್ರ ಹದಿನಾರು ಕಡೆ ಮಾಡಿ ತೋರಿಸುತ್ತದೆ. ಆ ಒತ್ತು ಯಾವ ಮೆಶ್‌ನ (ಆಕೃತಿಯ ಮೈಯಾಗಿರುವ ಪುಟ್ಟ ಮುಖಗಳ ಜಾಲದ) ಮೇಲೆ ಬೀಳುತ್ತದೆ ಎಂಬುದರ ಗೊಡವೆ ಅದಕ್ಕಿಲ್ಲ. ವೋಕ್ಸೆಲ್ ರೀಮೆಶ್ ನಿಮ್ಮ ಆಕೃತಿಯನ್ನು ಎಕ್ಸ್, ವೈ, ಝಡ್ ಅಕ್ಷಗಳಿಗೆ ಸಮನಾಗಿ ನಿಂತ ಸಣ್ಣ ಸಣ್ಣ ಘನಗಳ ಚೌಕುಳಿಯಾಗಿ ಕತ್ತರಿಸಿ ಮತ್ತೆ ಕಟ್ಟುತ್ತದೆ. ಚೌಕುಳಿಯ ಕಾಗದವನ್ನು 90 ಡಿಗ್ರಿ ತಿರುಗಿಸಿದರೆ ಗೆರೆಯ ಮೇಲೆ ಗೆರೆ ಕೂರುತ್ತದೆ, 22.5 ಡಿಗ್ರಿ ತಿರುಗಿಸಿದರೆ ಕೂರುವುದಿಲ್ಲ. ಹಾಗಾಗಿ ಅಕ್ಷದ ಮೇಲೆ ನಿಂತ ನಾಲ್ಕು ದಳಗಳು ಚೌಕುಳಿಯ ಗೆರೆಗುಂಟ ಸಾಗಿ ನೇರವಾಗಿ ಬಂದಿವೆ, 45 ಡಿಗ್ರಿಯ ನಾಲ್ಕು ದಳಗಳು ಮೂಲೆಯಿಂದ ಮೂಲೆಗೆ ಹಾದು ಒಂದು ತೆರನಾದ ಹಲ್ಲನ್ನು ಪಡೆದಿವೆ, ಇವೆರಡರ ನಡುವಿನ ಎಂಟು ದಳಗಳು ಎತ್ತಲೂ ಸೇರದೆ ಮತ್ತೊಂದು ತೆರನಾದ ಹಲ್ಲನ್ನು ಪಡೆದಿವೆ. ವೋಕ್ಸೆಲ್ ಗಾತ್ರವನ್ನು 1 ಮಿಲಿಮೀಟರಿಗೆ ಇಳಿಸಿದರೆ ಹಲ್ಲು ಚಿಕ್ಕದಾಗುತ್ತದೆಯೇ ಹೊರತು ಹೋಗುವುದಿಲ್ಲ.

ಪದ್ಮದಂಥ ಆಕೃತಿಗೆ ವೋಕ್ಸೆಲ್ ರೀಮೆಶ್‌ನ ಸಹವಾಸವನ್ನೇ ಬಿಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಸುತ್ತಿನ ಭಾಗಗಳು ನಿಮ್ಮ ಅಲಂಕಾರದ ಲೆಕ್ಕಕ್ಕೆ ಸರಿಹೊಂದುವಂಥ ಮೆಶ್ ಅನ್ನು ಮೊದಲು ಕೈಯಿಂದಲೇ ಕಟ್ಟಿಕೊಳ್ಳಿ. ನಿಮಗೆ 8, 16, 24 ಮೂರೂ ಬೇಕು. ಮೂರಕ್ಕೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 48. ಅದನ್ನು ನಾಲ್ಕರಿಂದ ಗುಣಿಸಿ 192 ಇಟ್ಟುಕೊಂಡರೆ ಒಂದು ದಳಕ್ಕೆ 12, ಒಂದು ಕುಚ್ಚಿಗೆ 8, ಒಬ್ಬ ದಿಕ್ಪಾಲಕನಿಗೆ 24 ಭಾಗಗಳು ಸಿಗುತ್ತವೆ. ಮೂರೂ ಸಮಸಂಖ್ಯೆಗಳಾದ್ದರಿಂದ ದಳದ ನಡುನರವೂ ಎರಡು ದಳಗಳ ನಡುವಿನ ಕಣಿವೆಯೂ ಮೆಶ್‌ನ ಗೆರೆಯ ಮೇಲೆಯೇ ಕೂರುತ್ತವೆ. ಇಲ್ಲಿ ಜಿಪುಣತನ ಮಾಡಿ 100 ಎಂದೋ 128 ಎಂದೋ ದುಂಡುಸಂಖ್ಯೆ ಹಾಕಿದರೆ ಮತ್ತೆ ಇದೇ ಕಥೆ.

ಕಟ್ಟುವ ಬಗೆ ಹೀಗೆ. 192 ವರ್ಟೆಕ್ಸ್‌ಗಳ (ಮೆಶ್‌ನ ಮೂಲೆಬಿಂದುಗಳ), 270 ಮಿಲಿಮೀಟರ್ ತ್ರಿಜ್ಯದ, ಒಳಗೆ ತುಂಬದ ವೃತ್ತವೊಂದನ್ನು ಹಾಕಿ. ಎಡಿಟ್ ಮೋಡ್‌ನಲ್ಲಿ ಎಕ್ಸ್‌ಟ್ರೂಡ್ ಮಾಡಿ (ಅಂಚಿನಿಂದ ಹೊಸ ಸುತ್ತು ಎಳೆದು) 0.968 ಪಟ್ಟು ಕುಗ್ಗಿಸಿ. ಇದನ್ನೇ 46 ಸಲ ಮಾಡಿದರೆ ಒಳಗಿನ ಸುತ್ತು ಸುಮಾರು 60 ಮಿಲಿಮೀಟರ್ ತ್ರಿಜ್ಯಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಸುತ್ತನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುವುದೇಕೆಂದರೆ, ಆಗ ಹೊರಗಿನ ದೊಡ್ಡ ಮುಖಗಳೂ ಒಳಗಿನ ಚಿಕ್ಕ ಮುಖಗಳೂ ಹೆಚ್ಚುಕಡಿಮೆ ಚೌಕವಾಗಿಯೇ ಉಳಿಯುತ್ತವೆ. ಸಮ ಅಂತರದಲ್ಲಿ ಸುತ್ತು ಹಾಕಿದರೆ ನಡುವಿನತ್ತ ಬಂದಂತೆ ಮುಖಗಳು ಸೀಳುಕಡ್ಡಿಯಂತೆ ಸಪೂರವಾಗಿ ಬ್ರಷ್ ಗೀರು ಬೀಳುತ್ತದೆ. ಹೀಗೆ ಕಟ್ಟಿದರೆ 8,832 ಮುಖಗಳಾಗುತ್ತವೆ. ಇದಕ್ಕೆ, ಪ್ರತಿ ಹಂತದಲ್ಲೂ ಒಂದು ಮುಖವನ್ನು ನಾಲ್ಕಾಗಿ ಸೀಳುವ ಮಲ್ಟಿರೆಸಲ್ಯೂಶನ್ ಮಾಡಿಫೈಯರ್ ಹಾಕಿ ಮೂರು ಹಂತ ಏರಿಸಿದರೆ 5,65,248 ಮುಖಗಳು, ನಾಲ್ಕನೆಯ ಹಂತದಲ್ಲಿ 22 ಲಕ್ಷ ದಾಟುತ್ತವೆ. ಹೊರ ಅಂಚಿನಲ್ಲಿ ಒಂದೊಂದು ಮುಖ ಮೂರನೆಯ ಹಂತಕ್ಕೇ ಸುಮಾರು 1.1 ಮಿಲಿಮೀಟರಿಗೆ ಇಳಿಯುವುದರಿಂದ ಮರದ ಕೆಲಸಕ್ಕೆ ಅಷ್ಟು ಸಾಕು. ಹಂತ ಏರಿಸಿದಾಗಲೂ ಈ ಮೆಶ್ ತನ್ನ 192ರ ಲೆಕ್ಕವನ್ನು ಬಿಡುವುದಿಲ್ಲ, ನಮಗೆ ಬೇಕಾದದ್ದೂ ಅದೇ.

ನಡುವೆ 60 ಮಿಲಿಮೀಟರ್ ತ್ರಿಜ್ಯದ ತೂತನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟದ್ದು. ನಿಮ್ಮ ಗುಬ್ಬಿಗೆ ಕಾರಣ ಆ ನಡುವಿನಲ್ಲಿಯೇ ಇದೆ. 60 ಮಿಲಿಮೀಟರ್ ತ್ರಿಜ್ಯದಲ್ಲಿ ಹದಿನಾರು ಒತ್ತುಗಳ ನಡುವಿನ ಅಂತರ ಸುಮಾರು 23.5 ಮಿಲಿಮೀಟರ್. ಬ್ರಷ್‌ನ ವ್ಯಾಸ ಅದಕ್ಕಿಂತ ಹೆಚ್ಚಾಯಿತೆಂದರೆ ಒಂದರ ಮೇಲೊಂದು ಬಿದ್ದು ಬಲ ಕೂಡುತ್ತಾ ಹೋಗುತ್ತದೆ. ತೀರಾ ನಡುವಿಗೆ ಬಂದರೆ ಹದಿನಾರೂ ಒಂದೇ ಜಾಗದಲ್ಲಿ ಬೀಳುತ್ತವೆ. ಎಕ್ಸ್ ಮಿರರ್ (ಒಂದು ಪಕ್ಕದ ಒತ್ತನ್ನು ಕನ್ನಡಿಯಂತೆ ಇನ್ನೊಂದು ಪಕ್ಕಕ್ಕೂ ಹಾಕುವ ಆಯ್ಕೆ) ಕೂಡ ಹಚ್ಚಿಟ್ಟಿದ್ದರೆ ಅವು ಹದಿನಾರಲ್ಲ, ಮೂವತ್ತೆರಡು. ಸಿಮೆಟ್ರಿ ವಿಭಾಗದಲ್ಲೇ ಇರುವ ಫೆದರ್ ಎಂಬ ಆಯ್ಕೆ, ಒತ್ತುಗಳು ಮೇಲೆ ಮೇಲೆ ಬೀಳುವ ಕಡೆ ಬಲವನ್ನು ತಗ್ಗಿಸುತ್ತದೆ. ಅದನ್ನು ಹಚ್ಚಿಕೊಳ್ಳಿ, ನಡುವಿನತ್ತ ಬರುವಾಗ ಬ್ರಷ್ ಚಿಕ್ಕದು ಮಾಡಿಕೊಳ್ಳಿ, ಬಾಳೆಮೊಗ್ಗನ್ನು ಬೇರೆ ವಸ್ತುವಾಗಿಯೇ ಮಾಡಿ.

ಅಂದಹಾಗೆ, ಮಿರರ್ ಬೇಕೇ ಬೇಡವೇ ಎಂಬುದನ್ನು ದಳದ ಆಕಾರ ನೋಡಿ ತೀರ್ಮಾನಿಸಬೇಕು. ದಳದ ಎಡ ಬಲ ಎರಡೂ ಒಂದೇ ಆಗಿದ್ದರೆ ಮಿರರ್ ಇರಲಿ. ದಳದ ತುದಿ ಒಂದೇ ಪಕ್ಕಕ್ಕೆ ಸುಳಿದಿದ್ದರೆ ರೇಡಿಯಲ್ ಒಂದೇ ಸಾಕು. ಎರಡನ್ನೂ ಹಚ್ಚಿಟ್ಟು ಸುಳಿ ಎಬ್ಬಿಸಲು ಹೋದರೆ ಎಡದ ಸುಳಿಯೂ ಬಲದ ಸುಳಿಯೂ ಸೇರಿ ದಳ ಕಪ್ಪೆಚಿಪ್ಪಿನಂತಾಗುತ್ತದೆ.

ಇನ್ನು ಕೇಂದ್ರ ತಪ್ಪಿದ ವಿಷಯ. ಬ್ಲೆಂಡರ್‌ನಲ್ಲಿ ರೇಡಿಯಲ್ ಸಿಮೆಟ್ರಿಯ ನಡು ಎಂದರೆ ಆ ವಸ್ತುವಿನ ಆರಿಜಿನ್, ಅಂದರೆ ಅದರ ಮೂಲಬಿಂದು. ಆಬ್ಜೆಕ್ಟ್ ಮೋಡ್‌ನಲ್ಲಿ ಸರಿಸಿದರೆ ಆರಿಜಿನ್ ಜೊತೆಗೇ ಬರುತ್ತದೆ. ಎಡಿಟ್ ಮೋಡ್‌ನಲ್ಲಿ ಸರಿಸಿದರೆ ಬಿಲ್ಲೆ ಮಾತ್ರ ಹೋಗಿ ಆರಿಜಿನ್ ಇದ್ದಲ್ಲೇ ಉಳಿಯುತ್ತದೆ. ಎಡಿಟ್ ಮೋಡ್‌ನಲ್ಲಿ ಒಳಗಿನ ಸುತ್ತನ್ನು ಆಯ್ದು, 3ಡಿ ಕರ್ಸರ್ ಎಂಬ ಗುರುತನ್ನು ಅಲ್ಲಿಗೆ ತಂದು, ಆಮೇಲೆ ಆಬ್ಜೆಕ್ಟ್ ಮೋಡ್‌ನಲ್ಲಿ ಸೆಟ್ ಆರಿಜಿನ್‌ಗೆ ಹೋಗಿ ಆರಿಜಿನ್ ಟು 3ಡಿ ಕರ್ಸರ್ ಎಂದು ಕೊಡಿ. ಆರಿಜಿನ್ ಟು ಜಿಯಾಮೆಟ್ರಿ ಎಂಬುದನ್ನು ಮಾತ್ರ ನೆಚ್ಚಬೇಡಿ. ಅದು ವರ್ಟೆಕ್ಸ್‌ಗಳ ಸರಾಸರಿಯನ್ನು ಹಿಡಿಯುವುದರಿಂದ, ಒಂದು ಪಕ್ಕದಲ್ಲಿ ವರ್ಟೆಕ್ಸ್ ದಟ್ಟವಾಗಿದ್ದರೆ ನಡು ಆ ಕಡೆಗೆ ಜಾರುತ್ತದೆ, ಆ ಜಾರಿಕೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿದ್ದು ಕೆಲಸವೆಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ. ಬಿಲ್ಲೆಯನ್ನು ಆಬ್ಜೆಕ್ಟ್ ಮೋಡ್‌ನಲ್ಲಿ ಒಂದು ಕಡೆಗೆ ಮಾತ್ರ ಎಳೆದು ಅಳತೆ ಹೊಂದಿಸಿದ್ದರೆ, ಕೆತ್ತುವ ಮುಂಚೆ ಕಂಟ್ರೋಲ್ ಎ ಒತ್ತಿ ಸ್ಕೇಲ್ ಅನ್ನು ಅಪ್ಲೈ ಮಾಡುವುದನ್ನೂ ಮರೆಯಬೇಡಿ.

ಸಂಖ್ಯೆಯನ್ನು 16ರಿಂದ 24ಕ್ಕೆ ಧಾರಾಳವಾಗಿ ಬದಲಿಸಬಹುದು. ಅದು ಮುಂದಿನ ಗೆರೆಗಳಿಗೆ ಮಾತ್ರ ಅನ್ವಯಿಸುತ್ತದೆ, ಹಿಂದಿನದ್ದನ್ನು ಮುಟ್ಟುವುದಿಲ್ಲ. ಆದರೆ 24 ಇಟ್ಟುಕೊಂಡಾಗ ಕೈತಪ್ಪಿ ದಳಗಳ ಮೇಲೆ ಬ್ರಷ್ ಆಡಿಸಿದರೆ ಹದಿನಾರರ ಹೊಂದಿಕೆ ಅಲ್ಲಿಗೆ ಕೆಟ್ಟಿತು. ದಳಗಳಿಗೆ ಮಾಸ್ಕ್ ಹಾಕಿ ಮುಚ್ಚಿಟ್ಟೇ ಹೊರಸುತ್ತಿಗೆ ಹೋಗಿ.

ಉತ್ತರ: ಬಿಡಿದಳ

ಮೇಷ್ಟ್ರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೂ 192 ಭಾಗದ ಚಕ್ರ ಕಟ್ಟುವುದಕ್ಕಿಂತ ಹತ್ತಿರದ ದಾರಿಯಿದೆ ಎಂದು ನನಗನ್ನಿಸುತ್ತದೆ. ಹದಿನಾರೂ ದಳಗಳು ಒಂದೇ ಆಗಿರಬೇಕೆಂದರೆ ಹದಿನಾರನ್ನು ಕೆತ್ತುವುದೇಕೆ? ಒಂದನ್ನು ಚೆನ್ನಾಗಿ ಕೆತ್ತಿ ಹದಿನೈದು ಪ್ರತಿ ತೆಗೆಯಬಹುದಲ್ಲ. ಬ್ಲೆಂಡರ್‌ನಲ್ಲಿ ಆಲ್ಟ್ ಡಿ ಒತ್ತಿ ಮಾಡಿದ ಪ್ರತಿಗಳು ಒಂದೇ ಮೆಶ್ ದತ್ತಾಂಶವನ್ನು ಹಂಚಿಕೊಳ್ಳುತ್ತವೆ; ಒಂದು ದಳವನ್ನು ತಿದ್ದಿದರೆ ಉಳಿದ ಹದಿನೈದೂ ತಿದ್ದಿಕೊಳ್ಳುತ್ತವೆ. 3ಡಿ ಕರ್ಸರ್ ಅನ್ನು ನಡುವಿಗಿಟ್ಟು, ಅದನ್ನೇ ಪಿವೊಟ್ (ತಿರುಗುವ ನಡು) ಮಾಡಿಕೊಂಡು ಒಂದೊಂದನ್ನು 22.5 ಡಿಗ್ರಿ ತಿರುಗಿಸಿದರಾಯಿತು. ಎರಡನೆಯ ಸಾಲಿನ ದಳಗಳು ಮೊದಲನೆಯ ಸಾಲಿನ ಸಂದಿನಲ್ಲಿ ಇಣುಕಬೇಕಾದರೆ ಇಡೀ ಸಾಲನ್ನು 11.25 ಡಿಗ್ರಿ ತಿರುಗಿಸಿ. ಈಗಾಗಲೇ ಕೆತ್ತಿರುವುದರಲ್ಲಿ ಅಕ್ಷದ ಮೇಲಿರುವ ಒಂದು ದಳ ಚೆನ್ನಾಗಿದೆ ಎನ್ನುತ್ತೀರಲ್ಲ, ಅದನ್ನಷ್ಟೇ ಹೋಳಿನಂತೆ ಕತ್ತರಿಸಿ ತೆಗೆದು ಈ ಕ್ರಮಕ್ಕೆ ಬಳಸಬಹುದು. ಸಿಮೆಟ್ರೈಜ್ ಎಂಬ ಆಜ್ಞೆಯಿಂದ ದಳಗಳು ಸರಿಹೋಗುತ್ತವೆಂದು ಕೆಲವರು ಹೇಳುತ್ತಾರೆ. ಅದು ಅರ್ಧವನ್ನು ಕನ್ನಡಿಯಂತೆ ಇನ್ನರ್ಧಕ್ಕೆ ಹಾಕುತ್ತದೆಯಷ್ಟೇ, ಸುತ್ತು ಹಾಕಿಸುವುದಿಲ್ಲ.

ನಾನು ದಿನವೂ ಕೆಲಸ ಮಾಡುವುದು ಝೀಬ್ರಷ್ ಎಂಬ ಇನ್ನೊಂದು ಕೆತ್ತನೆ ತಂತ್ರಾಂಶದಲ್ಲಿ. ಅಲ್ಲಿಯೂ ಕಷ್ಟಸುಖ ಇದೇ. ಟ್ರಾನ್ಸ್‌ಫಾರ್ಮ್ ಪ್ಯಾಲೆಟ್‌ನಲ್ಲಿ ಸಿಮೆಟ್ರಿ ಹಚ್ಚಿ, ಅಕ್ಷವನ್ನು ಆಯ್ದು, ಆವರಣದೊಳಗಿನ ಆರ್ ಗುಂಡಿಯನ್ನು ಒತ್ತಿದರೆ ರೇಡಿಯಲ್ ಕೌಂಟ್ ತೆರೆದುಕೊಳ್ಳುತ್ತದೆ. ಸಬ್‌ಟೂಲ್ (ಮಾದರಿಯ ಒಂದು ಬಿಡಿಭಾಗ) ನಡುವಿನಿಂದ ದೂರ ಸರಿದಿದ್ದರೆ ಲೋಕಲ್ ಸಿಮೆಟ್ರಿ ಹಚ್ಚದ ಹೊರತು ಗೆರೆಗಳು ಎಲ್ಲೆಲ್ಲೋ ಬೀಳುತ್ತವೆ. ಡೈನಾಮೆಶ್ ಕೂಡ ನಿಮ್ಮ ವೋಕ್ಸೆಲ್ ರೀಮೆಶ್‌ನ ಅಣ್ಣನೇ. ಒರಟು ಆಕಾರ ಹುಡುಕುವವರೆಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ, ಅಂಚು ತೀಡುವ ಹೊತ್ತಿಗೆ ಅದರಷ್ಟು ಕಾಟ ಕೊಡುವುದೂ ಇನ್ನೊಂದಿಲ್ಲ. 4ಆರ್7 ಆವೃತ್ತಿಯಲ್ಲಿ ಅರೇಮೆಶ್ ಬಂದ ಮೇಲೆ ನಾನಂತೂ ದಳ, ಮಣಿ, ಕುಚ್ಚುಗಳನ್ನೆಲ್ಲ ಒಂದೇ ಒಂದು ಮಾಡಿ ಅದರಿಂದಲೇ ಸುತ್ತು ಹಾಕಿಸುತ್ತಿದ್ದೇನೆ. ರೇಡಿಯಲ್ ಸಿಮೆಟ್ರಿಯನ್ನು ಬಳಸುವುದು ದಳಗಳ ನಡುವಿನ ಹಿನ್ನೆಲೆಗೆ ಮಾತ್ರ.

ಪ್ರತ್ಯುತ್ತರ: ಮೆಶ್‌ಮೇಷ್ಟ್ರು

ಬಿಡಿದಳ ಅವರೇ, ತೂಗುಮಾಲೆಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ದಳಗಳ ಮಟ್ಟಿಗೆ ಒಂದು ತಕರಾರಿದೆ. ಒಂದೇ ದಳವನ್ನು ಬೇರೆಯಾಗಿ ಕೆತ್ತುವಾಗ ಅದರ ನೆರೆಯವು ಕಣ್ಣ ಮುಂದೆ ಇರುವುದಿಲ್ಲ. ಒಂದರ ಅಂಚು ಇನ್ನೊಂದರ ಕೆಳಗೆ ನುಸುಳುವ ಜಾಗ, ಆ ಸಂದಿಯ ಆಳ, ಅಲ್ಲಿ ಬೀಳುವ ನೆರಳು, ಇವೆಲ್ಲ ಸುತ್ತಿನ ಒಟ್ಟು ನೋಟದಲ್ಲಿ ಮಾತ್ರ ತಿಳಿಯುವ ಸಂಗತಿಗಳು. ನೀವು ಹೇಳಿದ ಹಂಚಿಕೆಯ ಪ್ರತಿಗಳನ್ನು ಸುತ್ತಲೂ ಇಟ್ಟುಕೊಂಡೇ ಕೆತ್ತಿದರೆ ನನ್ನ ತಕರಾರು ಅರ್ಧ ಕಡಿಮೆಯಾಗುತ್ತದೆ. ಉಳಿದರ್ಧ, ಕೊನೆಗೆ ಹದಿನಾರು ಬಿಡಿ ತುಂಡುಗಳನ್ನು ಒಂದು ಮೆಶ್ ಮಾಡುವಾಗ ಬರುವ ಬೆಸುಗೆಯ ತಲೆನೋವು. ಅಲ್ಲಿಗೆ ಮತ್ತೆ ವೋಕ್ಸೆಲ್ ರೀಮೆಶ್‌ನ ಬಾಗಿಲು ತಟ್ಟಬೇಕಾಗುತ್ತದೆ.

ಉತ್ತರ: ಚಾಣಸುತ್ತಿಗೆ

ನಾನು ಕಂಪ್ಯೂಟರ್ ಕಲಿತದ್ದು ನಲವತ್ತು ದಾಟಿದ ಮೇಲೆ; ಅದಕ್ಕೆ ಮೊದಲು ಕಲ್ಲಿನ ಕೆಲಸ. ಹಾಗಾಗಿ ತಂತ್ರಾಂಶದ ಮಾತನ್ನು ಬಲ್ಲವರಿಗೆ ಬಿಟ್ಟು, ಸಂಖ್ಯೆಯ ಬಗ್ಗೆಯೂ ದಿಕ್ಪಾಲಕರ ಬಗ್ಗೆಯೂ ಎರಡು ಮಾತು ಹೇಳುತ್ತೇನೆ.

ಕೈವಾರ ಮತ್ತು ದಾರ ಹಿಡಿದು ಕೆಲಸ ಮಾಡುವವನಿಗೆ 16 ಮತ್ತು 24 ಬೇರೆ ಬೇರೆ ಮನೆತನದ ಸಂಖ್ಯೆಗಳು. ವೃತ್ತಕ್ಕೆ ಅಡ್ಡ ಉದ್ದ ಎರಡು ಗೆರೆ ಎಳೆದು ಅರ್ಧಿಸುತ್ತಾ ಹೋದರೆ 4, 8, 16 ಬರುತ್ತವೆ. ತ್ರಿಜ್ಯದಷ್ಟೇ ಅಗಲಕ್ಕೆ ಕೈವಾರವನ್ನು ತೆರೆದು ಅಂಚಿನ ಮೇಲೆ ಹೆಜ್ಜೆ ಹಾಕಿಸಿದರೆ 6 ಬರುತ್ತದೆ, ಅದನ್ನು ಅರ್ಧಿಸಿದರೆ 12, ಮತ್ತೊಮ್ಮೆ ಅರ್ಧಿಸಿದರೆ 24. ನಕ್ಷತ್ರಾಕಾರದ ದೇವಾಲಯಗಳ ತಳವಿನ್ಯಾಸದಲ್ಲಿಯೂ ಈ ಎರಡು ಮನೆತನಗಳನ್ನು ಕಾಣಬಹುದು. ಸೋಮನಾಥಪುರದ ಗರ್ಭಗುಡಿಗಳ ಹೊರಗೋಡೆ 16 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ನಡುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಚೌಕಗಳನ್ನು ಒಂದರ ಮೇಲೊಂದಿಟ್ಟರೆ ಅಷ್ಟು ಮೂಲೆಗಳು ಸಿಗುತ್ತವೆ. ಗದಗ ಜಿಲ್ಲೆಯ ಡಂಬಳದ ದೊಡ್ಡಬಸಪ್ಪ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು, ಅದರ ಗರ್ಭಗುಡಿ 24 ಮೂಲೆಗಳದ್ದು. ಅಲ್ಲಿ ಆರು ಚೌಕಗಳು, ತಿರುವು 15 ಡಿಗ್ರಿ. ಎರಡು ಮನೆತನಗಳನ್ನು ಒಂದೇ ಹಲಗೆಗೆ ತಂದರೆ 16ರ ಗೆರೆ 24ರ ಗೆರೆಯ ಮೇಲೆ ಕೂರುವುದು ಎಂಟು ಕಡೆ ಮಾತ್ರ. ಆ ಎಂಟೂ ದಿಕ್ಪಾಲಕರ ನೆಲೆಗಳೇ ಆಗುವುದರಿಂದ ನಿಮ್ಮ ಗ್ರಾಹಕರು ಕೇಳಿದ ವಿನ್ಯಾಸ ನಿಜಕ್ಕೂ ಚೆನ್ನಾಗಿದೆ. ಪ್ರತಿ ದಿಕ್ಪಾಲಕನ ಹಿಂದೆ ಒಂದು ದಳದ ತುದಿ, ತಲೆಯ ನೇರಕ್ಕೆ ಒಂದು ಕುಚ್ಚು ಬರುವಂತೆ ಮೊದಲೇ ಗೆರೆ ಹಾಕಿಕೊಳ್ಳಿ.

ದಿಕ್ಪಾಲಕರನ್ನು ಕೆತ್ತುವಾಗ ಸಿಮೆಟ್ರಿಯ ಆಸೆ ಬೇಡ. ರೇಡಿಯಲ್ 8 ಇಟ್ಟುಕೊಂಡು ಎಂಟು ಗೂಡುಗಳನ್ನು, ಎಂಟು ಪೀಠಗಳನ್ನು, ಕೂತ ಮೈಯ ದಪ್ಪನೆಯ ಅಂದಾಜನ್ನು ಎಬ್ಬಿಸಬಹುದು. ಅಷ್ಟಕ್ಕೆ ನಿಲ್ಲಿಸಿ ರೇಡಿಯಲ್ ಅನ್ನು ತೆಗೆದುಬಿಡಿ. ಇಂದ್ರನಿಗೆ ಆನೆ, ಅಗ್ನಿಗೆ ಟಗರು, ಯಮನಿಗೆ ಕೋಣ, ವರುಣನಿಗೆ ಮಕರ, ಈಶಾನನಿಗೆ ನಂದಿ ಎಂದಾಗ ಒಬ್ಬರ ಗೂಡಿನಂತೆ ಇನ್ನೊಬ್ಬರದ್ದು ತುಂಬುವುದಿಲ್ಲ. ಆನೆಯ ಬೆನ್ನು ಎತ್ತರ, ಮಕರದ ಮೈ ಉದ್ದ. ಸವಾರನ ಕಾಲು ಎರಡರ ಮೇಲೂ ಒಂದೇ ರೀತಿ ಇಳಿಬೀಳುವುದು ಸಾಧ್ಯವಿಲ್ಲ. ಯಂತ್ರದಲ್ಲಿ ತಯಾರಾಗಿ ಬರುವ ಕೆಲವು ದಿಕ್ಪಾಲಕ ಫಲಕಗಳಲ್ಲಿ ಒಂದೇ ಸವಾರನನ್ನು ಎಂಟು ಸಲ ಅಂಟಿಸಿ ವಾಹನ ಮಾತ್ರ ಬದಲಿಸಿರುವುದನ್ನು ಕಂಡಿದ್ದೇನೆ. ನೋಡಿದವರಿಗೆ ಒಬ್ಬನೇ ಮನುಷ್ಯ ಎಂಟು ಬಸ್ಸು ಹತ್ತಿದಂತೆ ಕಾಣುತ್ತದೆ.

ಬಹಳ ಜನ ಎಡವುವ ಇನ್ನೊಂದು ಸಂಗತಿಯಿದೆ. ನೆಲದ ಮೇಲಿನ ನಕ್ಷೆಯಲ್ಲಿ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಎಂದು ಹೋಗುವುದು ಗಡಿಯಾರದ ಮುಳ್ಳಿನಂತೆ. ಛಾವಣಿಯನ್ನು ಕೆಳಗೆ ನಿಂತು ತಲೆಯೆತ್ತಿ ನೋಡಿದಾಗ ಅದೇ ಕ್ರಮ ಮುಳ್ಳಿಗೆ ವಿರುದ್ಧವಾಗಿ ಕಾಣುತ್ತದೆ. ನೀವು ಪರದೆಯ ಮೇಲೆ ಪದ್ಮದ ಮುಖವನ್ನು ನಿಮ್ಮ ಕಡೆಗಿಟ್ಟುಕೊಂಡು ಕೆತ್ತುತ್ತೀರಿ, ಅಂದರೆ ಕೆಳಗಿನಿಂದ ನೋಡುವವರ ನೋಟವೇ ನಿಮ್ಮದು. ಹಾಗಾಗಿ ಇಂದ್ರನಿಂದ ಯಮನಿಗೆ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ಸಾಗಬೇಕು. ಮುಳ್ಳಿನಂತೆ ಜೋಡಿಸಿದರೆ, ಹಲಗೆಯನ್ನು ಮೇಲಕ್ಕೆ ಏರಿಸಿ ಇಂದ್ರನನ್ನು ಪೂರ್ವಕ್ಕೆ ಹೊಂದಿಸಿದಾಗ ಯಮ ಉತ್ತರಕ್ಕೆ ಹೋಗಿರುತ್ತಾನೆ.

ಉತ್ತರ: ರೂಟರ್‌ಬಿಟ್

ಸಿಎನ್‌ಸಿ ಯಂತ್ರ ನಡೆಸುವವನಾಗಿ ಬರೆಯುತ್ತಿದ್ದೇನೆ. ನಿಮ್ಮ ಊರಿನ ಕಡೆಯ ಯಂತ್ರ ಮೂರು ಅಕ್ಷದ್ದೇ ಇರಬಹುದು. ಅದರ ಬಿಟ್ (ಕೊರೆಯುವ ಅಲಗು) ಮೇಲಿನಿಂದ ನೇರವಾಗಿ ಇಳಿಯುತ್ತದೆ, ದಳದ ತುದಿ ಸುರುಳಿಯಾಗಿ ಹೊರಚಾಚಿದ್ದರೆ ಅದರ ಕೆಳಗೆ ಕೈ ಹಾಕಲಾರದು. ಪರದೆಯ ಮೇಲೆ ಎಷ್ಟೇ ಚೆನ್ನಾಗಿ ಕೆತ್ತಿದ್ದರೂ ಆ ಸಂದು ಗಟ್ಟಿಯಾಗಿ ಉಳಿದೇ ಬರುತ್ತದೆ. ಅದನ್ನು ನಿಮ್ಮ ತಂದೆಯವರು ಉಳಿಯಿಂದ ಕೊರೆಯುತ್ತಾರಾದರೆ ಚಿಂತೆಯಿಲ್ಲ, ಮಾದರಿಯಲ್ಲಿ ಅದಕ್ಕಾಗಿ ಒಂದು ದಿನ ಕಳೆಯಬೇಡಿ. ಹಾಗೆಯೇ 3 ಮಿಲಿಮೀಟರ್ ವ್ಯಾಸದ ಗುಂಡುಮೂತಿಯ ಬಿಟ್ ಹಾಕಿದರೆ ಅದಕ್ಕಿಂತ ಕಿರಿದಾದ ಕಣಿವೆಗೆ ಅದು ಇಳಿಯುವುದಿಲ್ಲ. ದಳದಿಂದ ದಳಕ್ಕೆ ನಡುವಿನ ಕಣಿವೆಯನ್ನು ಬುಡದಲ್ಲಿ ಕನಿಷ್ಠ 4 ಮಿಲಿಮೀಟರ್ ಬಿಡಿ.

ಮಾದರಿಯನ್ನು ಯಂತ್ರಕ್ಕೆ ಕಳಿಸುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನ ಇರುವುದಿಲ್ಲ, ಅಂಕಿ ಮಾತ್ರ ಇರುತ್ತದೆ. ಬ್ಲೆಂಡರ್‌ನ 0.6 ಮೀಟರ್ ನಮ್ಮ ಯಂತ್ರದ ತಂತ್ರಾಂಶದಲ್ಲಿ 0.6 ಮಿಲಿಮೀಟರ್ ಎಂದು ತೆರೆದುಕೊಂಡು, ಪದ್ಮ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಕಾಣುತ್ತದೆ. ಕಳಿಸುವಾಗ 1000 ಪಟ್ಟು ಹಿಗ್ಗಿಸಿ ಕಳಿಸಿ.

ಈ ಚರ್ಚೆಯಲ್ಲಿ ಯಾರೂ ಎತ್ತದ ಮಾತೊಂದಿದೆ. ನಿಮ್ಮ ಮೆಶ್ ಸುತ್ತಲೂ ಒಂದೇ ಸಮ ಇರಬಹುದು, ಮರ ಹಾಗಿಲ್ಲ. ಹಲಗೆಯ ಎಳೆ ಒಂದೇ ದಿಕ್ಕಿಗೆ ಓಡುತ್ತದೆ. ಎಳೆಗುಂಟ ಚಾಚಿದ ದಳದಲ್ಲಿ ನಾರು ಬುಡದಿಂದ ತುದಿಯವರೆಗೆ ಉದ್ದಕ್ಕೆ ಹೋಗುವುದರಿಂದ ತುದಿ ಎಷ್ಟು ಚೂಪಾಗಿದ್ದರೂ ತಡೆಯುತ್ತದೆ. ಎಳೆಗೆ ಅಡ್ಡವಾಗಿ ಚಾಚಿದ ದಳದ ತುದಿಯಲ್ಲಿ ನಾರು ತುಂಡುತುಂಡಾಗಿರುತ್ತದೆ. ಬಿಟ್ ತಗುಲಿದರೆ, ಕೆಲವೊಮ್ಮೆ ಉಪ್ಪುಕಾಗದ ಉಜ್ಜಿದರೂ, ಕಳಚಿ ಬೀಳುತ್ತದೆ. ಹದಿನಾರರಲ್ಲಿ ಹೀಗೆ ನೇರ ಅಡ್ಡಕ್ಕೆ ಬೀಳುವವು ಎರಡು, ಅವುಗಳ ಅಕ್ಕಪಕ್ಕದ ನಾಲ್ಕೂ ಹೆಚ್ಚುಕಡಿಮೆ ಅದೇ ಗುಂಪು. ಎಲ್ಲ ದಳಗಳ ತುದಿಯನ್ನೂ ತುಸು ಮೊಂಡು ಮಾಡುವುದು ಒಂದು ದಾರಿ. ಎಂಟು ಹೋಳುಗಳನ್ನು, ಪ್ರತಿ ಹೋಳಿನ ಎಳೆಯೂ ನಡುವಿನಿಂದ ಹೊರಕ್ಕೆ ಓಡುವಂತೆ ಕೂಡಿಸಿ ಹಲಗೆ ಮಾಡುವುದು ಇನ್ನೊಂದು ದಾರಿ ಎಂದು ಹೇಳುವವರಿದ್ದಾರೆ. ನೋಡಲು ಸೊಗಸು, ಆದರೆ ಮರ ಉದ್ದಕ್ಕೆ ಕುಗ್ಗದೆ ಅಗಲಕ್ಕೆ ಕುಗ್ಗುವುದರಿಂದ ಬೇಸಿಗೆ ಬಂದಾಗ ಎಂಟೂ ಕೂಡುಗಳು ಹೊರ ಅಂಚಿನಲ್ಲಿ ಬಾಯಿ ಬಿಡುತ್ತವೆ. ನಾನಂತೂ ಸಲಹೆ ಕೊಡಲಾರೆ.

ಬಾಳೆಮೊಗ್ಗು 50 ಮಿಲಿಮೀಟರ್ ಹಲಗೆಯಲ್ಲಿ ಹೇಗೂ ಹಿಡಿಸುವುದಿಲ್ಲ. ಅದನ್ನು ಲೇತ್‌ನಲ್ಲಿ ಕಡೆದು, ಹಿಂದೆ ಗೂಟ ಬಿಟ್ಟು, ಮೇಷ್ಟ್ರು ಹೇಳಿದ 60 ಮಿಲಿಮೀಟರ್ ತ್ರಿಜ್ಯದ ಜಾಗದಲ್ಲಿ ಕೂರಿಸಿ.

ಪ್ರತ್ಯುತ್ತರ: ಬಡಗಿಮನೆ

ಎಲ್ಲರಿಗೂ ಧನ್ಯವಾದಗಳು. ಇಷ್ಟು ದಿನ ಉತ್ತರಿಸದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಕೆಲಸ ಮುಗಿಸಿಯೇ ಬರೆಯೋಣವೆಂದುಕೊಂಡೆ.

192 ಭಾಗದ ಚಕ್ರವನ್ನೇ ಕಟ್ಟಿದೆ. 46 ಸುತ್ತು ಹಾಕುವಾಗ ಎರಡು ಸಲ ಎಣಿಕೆ ತಪ್ಪಿತು, ಆದರೆ ಒಮ್ಮೆ ಕಟ್ಟಿದ ಮೇಲೆ ಹಲ್ಲುಗಳ ಸುದ್ದಿಯೇ ಇಲ್ಲ. ದಳಗಳಿಗೆ ರೇಡಿಯಲ್ 16, ಜೊತೆಗೆ ಎಕ್ಸ್ ಮಿರರ್ ಮತ್ತು ಫೆದರ್. ಮಿರರ್ ಗೆರೆ ಒಂದು ದಳದ ನಡುನರದ ಮೇಲೆ ಬೀಳುವಂತೆ ಚಕ್ರವನ್ನು ಮೊದಲೇ ತಿರುಗಿಸಿಕೊಂಡಿದ್ದೆ. ತೂಗುಮಾಲೆಗೆ ಬಿಡಿದಳ ಅವರ ಮಾತಿನಂತೆ ಒಂದೇ ಕುಚ್ಚು ಕೆತ್ತಿ 15 ಡಿಗ್ರಿಗೆ ಒಂದರಂತೆ ಪ್ರತಿ ಇಟ್ಟೆ. ಕುಚ್ಚುಗಳನ್ನು ಮೆಶ್‌ಗೆ ಬೆಸೆಯಲಿಲ್ಲ. ಹಲಗೆಯೊಳಗೆ ಎರಡು ಮಿಲಿಮೀಟರ್ ಮುಳುಗಿಸಿ ಹಾಗೆಯೇ ಕಳಿಸಿದೆ. ಯಂತ್ರ ಮೇಲಿನಿಂದ ಕಾಣುವ ಮೈಯನ್ನು ಮಾತ್ರ ಹಿಂಬಾಲಿಸುವುದರಿಂದ ಏನೂ ತೊಂದರೆಯಾಗಲಿಲ್ಲ.

ದಿಕ್ಪಾಲಕರ ಕ್ರಮವನ್ನು ನಾನು ಮುಳ್ಳಿನಂತೆಯೇ ಜೋಡಿಸಿದ್ದೆ. ಚಾಣಸುತ್ತಿಗೆಯವರ ಬರಹವನ್ನು ತಂದೆಯವರಿಗೆ ಓದಿ ಹೇಳಿದಾಗ, ಅವರು ಒಂದು ಹಾಳೆಯ ಮೇಲೆ ದಿಕ್ಕು ಬರೆದು, ತಲೆಯ ಮೇಲೆ ಮಗುಚಿ ಹಿಡಿದು ನೋಡಿ, "ಯಮನನ್ನು ಕುಬೇರನ ಮನೆಗೆ ಕಳಿಸಿದ್ದೆಯಲ್ಲಮ್ಮ" ಎಂದು ನಕ್ಕರು. ಎಂಟು ಗೂಡುಗಳು ಒಂದೇ ಅಳತೆಯವಾದ್ದರಿಂದ ಒಳಗಿನ ಮೂರ್ತಿಗಳನ್ನು ಅದಲುಬದಲು ಮಾಡಲು ಒಂದು ಸಂಜೆ ಸಾಕಾಯಿತು. ಇಂದ್ರ ಮತ್ತು ವರುಣ ಇದ್ದಲ್ಲೇ ಉಳಿದರು, ಉಳಿದ ಆರು ಮಂದಿ ಮನೆ ಬದಲಿಸಿದರು.

ದಳದ ತುದಿಗಳನ್ನು ಮೊಂಡು ಮಾಡಲು ತಂದೆಯವರು ಒಪ್ಪಲಿಲ್ಲ. ಎಳೆಗೆ ಅಡ್ಡ ಬೀಳುವ ಆರು ದಳಗಳ ಮೇಲೆ ಯಂತ್ರಕ್ಕೆ ಎರಡು ಮಿಲಿಮೀಟರ್ ಹೆಚ್ಚು ಮರ ಬಿಡಿಸಿದರು. ಅದಕ್ಕಾಗಿ ನಾನು ರೇಡಿಯಲ್ ತೆಗೆದುಹಾಕಿ ಆ ಆರನ್ನಷ್ಟೇ ಇನ್‌ಫ್ಲೇಟ್ ಬ್ರಷ್‌ನಿಂದ ದಪ್ಪ ಮಾಡಿದೆ. ಉಳಿದದ್ದನ್ನು ಅವರು ನುಣ್ಣನೆಯ ಉಳಿಯಿಂದ, ತುದಿಯಿಂದ ಬುಡದ ಕಡೆಗೆ, ಒಂದೊಂದೇ ಎಳೆಯಂತೆ ತೆಗೆದರು. ಐದು ಉಳಿದವು; ಒಂದರ ತುದಿ ಹಾರಿತು. ಅದೇ ತೇಗದ ಚೂರನ್ನು ಅಂಟಿಸಿ ಮತ್ತೆ ಕೆತ್ತಿದ್ದಾರೆ, ಈಗ ಅದು ಯಾವ ದಳವೆಂದು ಕೇಳಿದರೆ ನನಗೇ ಹುಡುಕಬೇಕಾಗುತ್ತದೆ.